ಚಿನ್ನಪ್ಪನವರ ರಕ್ತ ಹೇಳಿದ್ದು

ಫೆಬ್ರವರಿ 3, 2025, ಸೋಮವಾರ

ಇವತ್ತಿಗೆ ಹತ್ತೊಂಬತ್ತು ರೋಗಿಗಳು. ಸೂಳಗಿರಿ ಕಡೆಯ ಕಾರ್ಖಾನೆ ಬಸ್ಸಿನಿಂದ ಇಳಿಯುತ್ತಲೇ ಕುಸಿದುಬಿದ್ದ ಐವತ್ತೆರಡು ವರ್ಷದ ಗಂಡಸು. ಎದೆ ಒತ್ತಲು ಶುರುಮಾಡಿದ ಎರಡನೇ ನಿಮಿಷಕ್ಕೆ ನನ್ನ ಕೊಳವೆಯಲ್ಲಿ ರಕ್ತ ಇತ್ತು. ನಮ್ಮ ಹೊಸೂರು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬೇರೆ ಯಾವ ನರ್ಸೂ ಇಷ್ಟು ಬೇಗ ತೆಗೆದಿಲ್ಲ. ಹದಿನೈದು ನಿಮಿಷಕ್ಕೆ ಹೃದಯ ಮರಳಿತು. ಆಮೇಲೆ ಹೊರಗೆ ಹೋಗಿ ಆ ರಕ್ತವನ್ನು ಅಧ್ಯಯನಕ್ಕೆ ಬಳಸಲು ಹೆಂಡತಿಯ ಒಪ್ಪಿಗೆ ಪಡೆದೆ. ತಮಿಳಿನಲ್ಲಿ ಶುರುಮಾಡಿ, ಆಕೆಯ ಮುಖ ನೋಡಿ ತೆಲುಗಿಗೆ ಹೊರಳಿದೆ. ನಾಲ್ಕು ನಿಮಿಷದಲ್ಲಿ ಸಹಿ. ಇದುವರೆಗೆ ಯಾರೂ ನನಗೆ ಇಲ್ಲ ಎಂದಿಲ್ಲ.

ಅಧ್ಯಯನ ಡಾಕ್ಟರ್ ಲಕ್ಷ್ಮೀಪತಿಯವರದ್ದು. ಅರವತ್ತು ರೋಗಿಗಳು ಬೇಕು. ವರಲಕ್ಷ್ಮಿ ಸಿಸ್ಟರ್ ಇಲ್ಲದಿದ್ದರೆ ಐದಕ್ಕೇ ನಿಂತುಹೋಗುತ್ತಿತ್ತು ಎಂದು ಅವರು ಇವತ್ತು ಎಲ್ಲರ ಎದುರು ನನ್ನನ್ನು ತೋರಿಸಿ ಹೇಳಿದರು. ಇದ್ದದ್ದನ್ನೇ ಹೇಳಿದರು.

ಸಾಯುತ್ತಿರುವವರ ರಕ್ತ ತೆಗೆದು ಏನು ಮಾಡುತ್ತೀರಿ ಎಂದು ಸಂಜೆ ಅತ್ತೆ ರಾಮಲಕ್ಷ್ಮಮ್ಮ ಕೇಳಿದರು. ಅವರೆಕಾಯಿ ಬಿಡಿಸುತ್ತಾ ವಿವರಿಸಿದೆ. ಮೂತ್ರಪಿಂಡದ ತಲೆಯ ಮೇಲೆ ಒಂದು ಸಣ್ಣ ಗ್ರಂಥಿ ಇದೆ, ಅಪಾಯ ಬಂದಾಗ ಅದು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ, ದೇಹ ಹೋರಾಡಲು ಅದು ಬೇಕು. ಹೃದಯ ನಿಂತವರಲ್ಲಿ ಯಾರ ದೇಹ ಅದನ್ನು ಹೆಚ್ಚು ಬಿಡುತ್ತದೋ ಅವರು ಹೆಚ್ಚು ಬದುಕುತ್ತಾರೆಯೇ ಎಂದು ನಾವು ನೋಡುತ್ತಿದ್ದೇವೆ. ಅದು ಗೊತ್ತಾದರೆ ಬದುಕುತ್ತಾರಾ ಎಂದರು ಅತ್ತೆ. ಮೊದಲು ಗೊತ್ತಾಗಬೇಕಲ್ಲ ಎಂದೆ.

ಫೆಬ್ರವರಿ 7, ಶುಕ್ರವಾರ

ಈ ವಾರದ ಫಲಿತಾಂಶ ಬಂತು. ಹತ್ತೊಂಬತ್ತನೆಯವರ ಕಾರ್ಟಿಸಾಲ್ ನಲವತ್ತೊಂದು. ಆತ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದಾನೆ. ಡಾಕ್ಟರ್ ಲಕ್ಷ್ಮೀಪತಿಯವರ ಕಂಪ್ಯೂಟರಿನಲ್ಲಿ ಚುಕ್ಕೆಗಳು ಒಂದು ಗೆರೆಯ ಸುತ್ತ ಕೂಡಿಕೊಳ್ಳುತ್ತಿವೆ. ಮೇಲೆ ಬದುಕಿದವರು, ಕೆಳಗೆ ತೀರಿಕೊಂಡವರು. ನೋಡಲು ಎಷ್ಟು ಚೆನ್ನಾಗಿದೆ.

ಫೆಬ್ರವರಿ 12, ಬುಧವಾರ

ಇಪ್ಪತ್ತು. ಅಂಚೆಟ್ಟಿಯ ಆಚೆಯ ಬೆಟ್ಟದ ಹಳ್ಳಿಯ ರೈತ ಚಿನ್ನಪ್ಪ, ಅರವತ್ತಾರು. ಬೆಳಿಗ್ಗೆ ಆರಕ್ಕೆ ಎದೆನೋವು ಬಂದಿದೆ. ಊರಿನಿಂದ ಬಸ್ಸು ನಿಲ್ಲುವ ಕಡೆಗೆ ಮಂಚದ ಮೇಲೆ ಹೊತ್ತು ತಂದಿದ್ದಾರೆ. ಬಸ್ಸು ಹೋಗಿಬಿಟ್ಟಿತ್ತಂತೆ. ಹುಣಸೆಹಣ್ಣು ಸಾಗಿಸುವ ಗಾಡಿಯೊಂದು ಸಿಕ್ಕಿ ಅದರಲ್ಲೇ ಡೆಂಕಣಿಕೋಟೆ ದಾಟಿ ಹೊಸೂರಿಗೆ ಬಂದಿದ್ದಾರೆ. ನಮ್ಮ ಆಸ್ಪತ್ರೆ ಐದಾರು ನಿಮಿಷದ ದಾರಿ ಇರುವಾಗ ಹೃದಯ ನಿಂತಿದೆ. ಗಾಡಿಯ ಹಿಂದೆ ಜೊತೆಗೆ ಕೂತಿದ್ದವರು ಹೆಂಡತಿ ಒಬ್ಬರೇ. ಅಂಗಾಲು ಉಜ್ಜುತ್ತಾ ಬಂದರಂತೆ.

ಬಂದದ್ದು ಹನ್ನೊಂದಕ್ಕೆ. ಇಪ್ಪತ್ತೆರಡು ನಿಮಿಷ ಒತ್ತಿದೆವು. ಮೊದಲ ಮಾದರಿ ಮೂರನೇ ನಿಮಿಷಕ್ಕೆ ತೆಗೆದೆ. ಆರು ಗಂಟೆಯ ಬಳಿಕ ಎರಡನೆಯದು, ಇಪ್ಪತ್ತನಾಲ್ಕು ಗಂಟೆಗೆ ಮೂರನೆಯದು ಬೇಕು. ಹೃದಯ ಮರಳಿತು, ಆದರೆ ರಕ್ತದೊತ್ತಡ ಏರಲೇ ಇಲ್ಲ. ಔಷಧಿ ಹೆಚ್ಚಿಸಿದಷ್ಟೂ ಇಳಿಯುತ್ತಿತ್ತು.

ಹೆಂಡತಿಯ ಹೆಸರು ಚಿಕ್ಕತಾಯಮ್ಮ. ದುಂಡು ಮುಖದ ಹೆಂಗಸು, ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಗಾಡಿಯ ಅಂಚಿಗೆ ಬಡಿದುಕೊಂಡಿರಬೇಕು. ನಮ್ಮ ಕಡೆಯ ಕನ್ನಡ, ಹಾಗಾಗಿ ಸುಲಭವಾಯಿತು. ಫಾರಂ ಓದಿ ಹೇಳಿದೆ, ಎಲ್ಲಾ ಪ್ರಶ್ನೆ ಕೇಳಿದೆ: ಸಕ್ಕರೆ ಕಾಯಿಲೆ ಇದೆಯೇ, ಕ್ಷಯ ಇತ್ತೇ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೇ. ಎಲ್ಲಕ್ಕೂ ಇಲ್ಲ. “ಎಲ್ಲಿ ಕೈಯೆಳುತ್ತು ಹಾಕ್ಬೇಕು ತೋರ್ಸವ್ವ” ಎಂದು ಸಹಿಯ ಜಾಗ ಕೇಳಿದರು. ಮೂರು ನಿಮಿಷ.

ಫೆಬ್ರವರಿ 13, ಗುರುವಾರ

ಚಿನ್ನಪ್ಪ ಬೆಳಿಗ್ಗೆ ಹತ್ತು ನಲವತ್ತಕ್ಕೆ ತೀರಿಕೊಂಡರು. ಇಪ್ಪತ್ತನಾಲ್ಕು ಗಂಟೆಯ ಮಾದರಿ ಇಪ್ಪತ್ತು ನಿಮಿಷದಲ್ಲಿ ತಪ್ಪಿತು.

ಫೆಬ್ರವರಿ 14, ಶುಕ್ರವಾರ

ಇಪ್ಪತ್ತನೆಯದರ ಕಾರ್ಟಿಸಾಲ್ ಬರೀ ನಾಲ್ಕು. ತೀರಿಕೊಂಡವರದ್ದೂ ಹದಿನೈದು ಹದಿನೆಂಟರ ಕೆಳಗೆ ಇಳಿದಿರಲಿಲ್ಲ. ಪ್ರಯೋಗಾಲಯದವರು ನಂಬದೆ ಎರಡನೇ ಸಲ ಪರೀಕ್ಷಿಸಿದರು. ಮತ್ತೆ ನಾಲ್ಕು. ಆರು ಗಂಟೆಯ ಮಾದರಿಯೂ ಅಷ್ಟೇ.

ಡಾಕ್ಟರ್ ಲಕ್ಷ್ಮೀಪತಿ ಕುರ್ಚಿ ತಿರುಗಿಸಿ ಬಹಳ ಹೊತ್ತು ಪರದೆ ನೋಡಿದರು. ಗೆರೆಯ ಕೆಳತುದಿಗೆ ಒಂದೇ ಒಂದು ಚುಕ್ಕೆ. ನಮ್ಮ ಊಹೆಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ ಎಂದರು. ಮುಂದಿನ ತಿಂಗಳ ಸಮ್ಮೇಳನದಲ್ಲಿ ಈ ಚುಕ್ಕೆಯನ್ನೇ ತೋರಿಸುತ್ತಾರಂತೆ, ನನ್ನ ಹೆಸರೂ ಇರುತ್ತದಂತೆ. ಬರುವಾಗ ಒಂದು ಕಟ್ಟು ಗುಲಾಬಿ ತಂದೆ. ಉಮಾಶಂಕರ್ ಶಿಫ್ಟ್ ಮುಗಿಸಿ ಬಂದವರು ಏನು ವಿಶೇಷ ಎಂದು ಕೇಳಿದರು. ನನ್ನ ಗಂಡ ಇಂಥದ್ದನ್ನು ಗಮನಿಸುವುದೇ ಅಪರೂಪ.

ಫೆಬ್ರವರಿ 27, ಗುರುವಾರ

ಮಧ್ಯಾಹ್ನ ಎರಡಕ್ಕೆ ಚಿಕ್ಕತಾಯಮ್ಮ ಬಂದರು. ಯಾರೋ ನೋಡಲು ಕಾಯುತ್ತಿದ್ದಾರೆ ಎಂದು ಕಾವಲಿನವರು ಹೇಳಿದಾಗ ನನಗೆ ಗುರುತೇ ಸಿಗಲಿಲ್ಲ. ಗಂಡನ ಕಾರ್ಯ ಮುಗಿಸಿ, ಬೆಳಿಗ್ಗೆ ಆರು ಮೈಲಿ ನಡೆದು, ಎರಡು ಬಸ್ಸು ಹತ್ತಿ ಬಂದಿದ್ದರು. ಕೆಲಸ ಇದೆ, ಐದು ನಿಮಿಷ ಎಂದೆ. ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂತೆವು.

“ನೀವು ನಮ್ಮೆಜಮಾನ್ರ ರಕ್ತ ತಗೊಂಡ್ರಲ್ಲವ್ವ, ಗಾಬರಿಯಾದ್ರೆ ಬರೋ ರಸ ಅದ್ರಾಗೆ ಎಷ್ಟೈತೆ ಅಂತ ನೋಡ್ತೀವಿ ಅಂದ್ರಲ್ಲ. ನೋಡುದ್ರಾ?”

ನೋಡಿದೆವು ಎಂದೆ.

“ಎಷ್ಟಿತ್ತು? ಬೋ ಹೆದರ್ಕಂಡಿದ್ರಾ ಅವ್ರು? ಗಾಡ್ಯಾಗೆ ನನ್ ಮುಖಾನೇ ನೋಡ್ತಿದ್ರು. ಅದು ಹೆದರ್ಕೆನೋ ಏನೋ, ನಂಗೆ ತಿಳೀಲಿಲ್ಲ.”

ಒಬ್ಬೊಬ್ಬರ ಫಲಿತಾಂಶ ಹೊರಗೆ ಹೇಳುವಂತಿಲ್ಲ ಎನ್ನುವುದು ನಿಯಮ. ಅದನ್ನು ಹೇಳಲು ಬಾಯಿ ತೆರೆದೆ. ಆದರೆ ಅಷ್ಟು ದೂರದಿಂದ ಇದೊಂದನ್ನು ಕೇಳಲು ಬಂದವರಿಗೆ ನಿಯಮ ಹೇಳಲು ಮನಸ್ಸು ಬರಲಿಲ್ಲ. ಮೊದಲು ಊಟ ಮಾಡಿ ಎಂದು ನನ್ನ ಡಬ್ಬಿ ತೆರೆದೆ. ಎರಡು ತುತ್ತು ತಿಂದರು, ಮೂರನೆಯದು ವಾಂತಿಯಾಯಿತು. ವಾರದಿಂದ ಹೀಗೆಯೇ, ಏನೂ ನಿಲ್ಲುತ್ತಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲಾಗುತ್ತದೆ, ಕೊರಗು ಅಂತಾರೆ ಎಲ್ಲರೂ ಎಂದರು. ಬಾಯಿ ತೊಳೆಯಲು ಎದ್ದವರು ಕೊಳಾಯಿಯ ಬಳಿ ಕುಸಿದರು.

ರಕ್ತದೊತ್ತಡ ಎಂಬತ್ತು ಐವತ್ತು. ಸಕ್ಕರೆ ಐವತ್ತೆರಡು. ಸಲೈನ್ ಹಾಕಿದೆವು, ಒತ್ತಡ ಏರಲಿಲ್ಲ. ಹಾಸಿಗೆಯ ಪಕ್ಕ ನಿಂತು ಆ ಅಂಕಿ ಏರದೇ ಇರುವುದನ್ನು ನೋಡುತ್ತಿದ್ದಂತೆ, ಎರಡು ವಾರದ ಹಿಂದೆ ಚಿನ್ನಪ್ಪನವರ ಅಂಕಿಯನ್ನೂ ಇದೇ ರೀತಿ ನೋಡಿದ್ದೆ ಅನ್ನಿಸಿತು. ದುಂಡು ಮುಖ. ಕೈ ಹಿಡಿದು ನೋಡಿದೆ. ಕಾಗದದಂಥ ಚರ್ಮ, ಅದರ ಮೇಲೆ ನೀಲಿ ಕಲೆಗಳು ಹಾಗೇ ಇದ್ದವು. ಗಾಡಿಗೆ ಬಡಿದದ್ದಾಗಿದ್ದರೆ ಇಷ್ಟು ದಿನಕ್ಕೆ ಮಾಯಬೇಕಿತ್ತು.

ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿದೆ. ಇಲ್ಲ ಎಂದರು. ಮಂಡಿ ನೋವಿಗೆ? ಬೆನ್ನು ನೋವಿಗೆ?

“ಅದಾ. ಅದು ಮಾತ್ರೆ ಅಲ್ಲವ್ವ, ನೋವಿನ್ ಪೊಟ್ಣ. ಸಂತೇಗೆ ಬರೋನು ಕೊಡ್ತಿದ್ದ. ನಾನೂ ಅವ್ರೂ ಆರೇಳು ವರ್ಸದಿಂದ ನುಂಗ್ತಿದ್ವಿ, ಅದ್ರಿಂದ್ಲೇ ಹೊಲ ಗೇಯಕಾಗ್ತಿತ್ತು. ಈಗ ತಂದ್ಕೊಡೋರೇ ಹೋಗ್ಬುಟ್ರಲ್ಲ, ಬುಟ್ಬುಟ್ಟೆ.”

ಸೆರಗಿನ ಗಂಟಿನಲ್ಲಿ ಒಂದು ಪೊಟ್ಟಣ ಉಳಿದಿತ್ತು. ಹೆಸರಿಲ್ಲದ ಕಾಗದ, ಒಳಗೆ ಒಂದು ಬಿಳಿ, ಒಂದು ಹಳದಿ. ಅದನ್ನು ಹಿಡಿದುಕೊಂಡು ಡಾಕ್ಟರ್ ಲಕ್ಷ್ಮೀಪತಿಯವರ ಕೋಣೆಗೆ ಓಡಿದೆ. ಇದು ಸ್ಟೀರಾಯ್ಡ್ ಸರ್, ಮುಖ ಊದಿ ಚರ್ಮ ತೆಳುವಾದದ್ದು ಅದರಿಂದಲೇ, ವರ್ಷಗಟ್ಟಲೆ ನುಂಗಿ ಒಮ್ಮೆಗೇ ಬಿಟ್ಟಿದ್ದಾರೆ, ಹೊರಗಿನಿಂದ ಸಿಕ್ಕಿ ಸಿಕ್ಕಿ ಗ್ರಂಥಿ ಕಾರ್ಟಿಸಾಲ್ ಮಾಡುವುದನ್ನೇ ಬಿಟ್ಟು ಮಲಗಿದೆ ಎಂದೆ. ಅವರು ಪ್ರಶ್ನೆ ಕೇಳಲಿಲ್ಲ, ಎದ್ದೇ ಬಂದರು. ಮೊದಲು ರಕ್ತ ತೆಗೆದೆ, ಆಮೇಲೆ ಅದೇ ರಸದ ಔಷಧಿ ಹೈಡ್ರೊಕಾರ್ಟಿಸೋನ್ ಕೊಟ್ಟೆ. ಸಂಜೆ ಆರಕ್ಕೆ ಒತ್ತಡ ನೂರಹತ್ತು. ಚಿಕ್ಕತಾಯಮ್ಮ ಕಣ್ಣು ಬಿಟ್ಟು ಗಂಜಿ ಕೇಳಿದರು. ಇಡೀ ಲೋಟ ಕುಡಿದರು, ನಿಂತಿತು.

ಕರ್ತವ್ಯ ಮುಗಿದು ಎರಡು ಗಂಟೆಯಾಗಿತ್ತು. ಗಡಿಯಾರ ನೋಡಿಯೇ ಇರಲಿಲ್ಲ.

ಫೆಬ್ರವರಿ 28, ಶುಕ್ರವಾರ

ಚಿಕ್ಕತಾಯಮ್ಮನವರ ಕಾರ್ಟಿಸಾಲ್ ಒಂದು ಪಾಯಿಂಟ್ ಒಂದು.

ಸಂತಸಪಡಬೇಕಾದ ದಿನ, ಸರಿಯಾಗಿ ಗುರುತಿಸಿದೆ. ಆದರೆ ಬೆಳಿಗ್ಗೆಯಿಂದ ಇಪ್ಪತ್ತನೇ ಫಾರಂ ಕಣ್ಣ ಮುಂದೆ ಇದೆ. ಅದರಲ್ಲಿ ‘ಸ್ಟೀರಾಯ್ಡ್ ಬಳಕೆ: ಇಲ್ಲ’ ಎಂದು ಗುರುತು ಹಾಕಿರುವುದು ನಾನೇ. ಕೇಳಿದ್ದೆ, ನಿಜ. ಸ್ಟೀರಾಯ್ಡ್ ಎಂದೇ ಕೇಳಿದ್ದೆ. ಆ ಪದ ಅವರು ಕೇಳಿಯೇ ಇಲ್ಲ. ಗೊತ್ತಿಲ್ಲದ್ದಕ್ಕೆ ಇಲ್ಲ ಎನ್ನದೆ ಇನ್ನೇನು ಹೇಳುತ್ತಾರೆ? ಮೂರು ನಿಮಿಷದಲ್ಲಿ ಸಹಿ.

ಇನ್ನೂ ಹತ್ತೊಂಬತ್ತು ಫಾರಂ ಇವೆ. ಎಲ್ಲದರಲ್ಲೂ ನನ್ನ ಅಕ್ಷರ, ಎಲ್ಲದರಲ್ಲೂ ಇಲ್ಲ.

ಮನೆಗೆ ಬಂದು ಅತ್ತೆಯ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಸುಣ್ಣದ ಮಾತ್ರೆ, ಒಂದು ನೋವಿನ ಮುಲಾಮು. ನನ್ನ ಡಬ್ಬಿ ಯಾಕೆ ಕೆದಕುತ್ತೀಯೆ ಎಂದು ಬೈದರು.

ಮಾರ್ಚ್ 3, ಸೋಮವಾರ

ಡಾಕ್ಟರ್ ಲಕ್ಷ್ಮೀಪತಿಯವರಿಗೆ ಹೇಳಿದೆ. ಚಿನ್ನಪ್ಪನವರನ್ನು ಪಟ್ಟಿಯಿಂದ ತೆಗೆಯಬೇಕು, ಅವರ ಕಾರ್ಟಿಸಾಲ್ ನಾಲ್ಕಕ್ಕೆ ಇಳಿದದ್ದು ಹೃದಯ ನಿಂತಿದ್ದರಿಂದಲ್ಲ, ಆರೇಳು ವರ್ಷದ ಪೊಟ್ಟಣದಿಂದ, ತಪ್ಪು ನನ್ನದು ಎಂದೆ. ಸಮ್ಮೇಳನಕ್ಕೆ ಹತ್ತೊಂಬತ್ತು ದಿನ ಇದೆ. ಅವರು ಆ ಒಂದು ಚುಕ್ಕೆ ತೆಗೆದು ಗೆರೆಯನ್ನು ಮತ್ತೆ ಎಳೆದರು. ಅರ್ಧದಷ್ಟು ಚಪ್ಪಟೆಯಾಯಿತು.

“ಉಳಿದ ಹತ್ತೊಂಬತ್ತು?” ಎಂದು ಕೇಳಿದರು.

ಗೊತ್ತಿಲ್ಲ ಸರ್, ಎಲ್ಲರನ್ನೂ ಮತ್ತೆ ಕೇಳುತ್ತೇನೆ ಎಂದೆ. ಹಳೆಯ ಫಾರಂಗಳ ಕಟ್ಟನ್ನು ಎತ್ತಿಕೊಂಡು ಹೊರಬಂದೆ.

ಮಾರ್ಚ್ 6, ಗುರುವಾರ

ಹತ್ತೊಂಬತ್ತು ಮನೆಗಳಲ್ಲಿ ಹದಿನೇಳು ಮನೆಯವರು ಫೋನಿಗೆ ಸಿಕ್ಕರು. ಸ್ಟೀರಾಯ್ಡ್ ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ. ಮೊದಲು ಹೇಗಿದ್ದೀರಿ ಎಂದು ಕೇಳಿದೆ. ಆಮೇಲೆ ಮಂಡಿ ನೋವಿಗೆ, ಉಬ್ಬಸಕ್ಕೆ, ಮೈ ತುರಿಕೆಗೆ ಏನು ತೆಗೆದುಕೊಳ್ಳುತ್ತಿದ್ದರು, ಎಲ್ಲಿಂದ, ಯಾವ ಬಣ್ಣ ಎಂದು.

ಇಂಥ ಪೊಟ್ಟಣ, ಮಾತ್ರೆ ನುಂಗಿದ ಇನ್ನೂ ನಾಲ್ಕು ಪ್ರಕರಣ ಸಿಕ್ಕಿದವು. ಒಂದು ತೊರಪಲ್ಲಿ ಅಗ್ರಹಾರದ ತಿಮ್ಮರಾಯಪ್ಪನವರದ್ದು, ಉಬ್ಬಸಕ್ಕೆ ಹತ್ತು ವರ್ಷದಿಂದ. ಜನವರಿಯಲ್ಲಿ ತೀರಿಕೊಂಡವರು, ನನ್ನ ಹನ್ನೊಂದನೆಯವರು. ಅವರ ಮಗಳು ಮಾಲಾ ಮುಕ್ಕಾಲು ಗಂಟೆ ಮಾತಾಡಿದಳು. ಅಪ್ಪ ಸಂಜೆಯ ಹೊತ್ತು ಟೊಮೇಟೊ ಬುಟ್ಟಿಗಳ ಮೇಲೆ ಕೂತು ಲಾರಿಯವರಿಗೆ ಮೂರು ಭಾಷೆಯಲ್ಲೂ ಬೈಯುತ್ತಿದ್ದರಂತೆ. ಇದು ಅಧ್ಯಯನಕ್ಕೆ ಬೇಡದ ಮಾತು. ಫೋನು ಇಡಬೇಕು ಅನ್ನಿಸಲಿಲ್ಲ.

ಐದು ಜನರನ್ನು ತೆಗೆದರೆ ಹದಿನೈದು, ಅದರಲ್ಲಿ ಇಬ್ಬರ ವಿಷಯ ಖಚಿತವಿಲ್ಲ. ಡಾಕ್ಟರ್ ಲಕ್ಷ್ಮೀಪತಿ ಸಮ್ಮೇಳನಕ್ಕೆ ಕಾಗದ ಬರೆದು ಹಿಂದೆ ಸರಿದರು. ನಾಳೆಯಿಂದ ಹೊಸ ಫಾರಂ. ಪ್ರಶ್ನೆಗಳನ್ನು ಮೂರು ಭಾಷೆಯಲ್ಲಿ ನಾನೇ ಬರೆಯಬೇಕೆಂದರು. ಅವರು ಅದನ್ನು ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು, ನನ್ನ ಮೇಲೆ ಸಿಟ್ಟಿತ್ತು. ಇರಲಿ. ಫಾರಂ ಚೆನ್ನಾಗಿ ಬರೆಯುತ್ತೇನೆ.

ಮಾರ್ಚ್ 8, ಶನಿವಾರ

ಚಿಕ್ಕತಾಯಮ್ಮನವರನ್ನು ಇವತ್ತು ಮನೆಗೆ ಕಳಿಸಿದೆವು. ದಿನಕ್ಕೆ ಎರಡು ಹೊತ್ತು ಮಾತ್ರೆ. ಡಾಕ್ಟರು ಹೇಳುವವರೆಗೆ ಒಂದು ದಿನವೂ ಬಿಡುವಂತಿಲ್ಲ. ಜ್ವರ ಬಂದರೆ ಎರಡರಷ್ಟು. ಮೂರು ಸಲ ಅವರ ಬಾಯಿಂದಲೇ ಹೇಳಿಸಿದೆ.

ಆಮೇಲೆ ಅವರು, ಗಂಡ ಹೆದರಿದ್ದರೇ ಎಂಬ ತಮ್ಮ ಪ್ರಶ್ನೆಯನ್ನು ಮತ್ತೆ ಕೇಳಿದರು. ಇಷ್ಟು ದಿನ ಹಾಸಿಗೆಯಲ್ಲಿ ಅದನ್ನೇ ಇಟ್ಟುಕೊಂಡು ಮಲಗಿದ್ದರು ಅಂತ ಕಾಣುತ್ತದೆ. ಚಿನ್ನಪ್ಪನವರು ಈಗ ಪಟ್ಟಿಯಲ್ಲಿಲ್ಲ. ಅವರ ಅಂಕಿ ಯಾವ ಲೆಕ್ಕಕ್ಕೂ ಸೇರದು. ಹೇಳಬಹುದೇ ಎಂದು ಡಾಕ್ಟರರನ್ನು ಬೆಳಿಗ್ಗೆಯೇ ಕೇಳಿದ್ದೆ. ಹೆಂಡತಿಗಲ್ಲದೆ ಇನ್ನಾರಿಗೆ ಹೇಳುತ್ತೀರಿ ಎಂದಿದ್ದರು.

“ಆ ರಸ ಕಮ್ಮಿ ಇತ್ತಮ್ಮ” ಎಂದೆ. “ಅದ್ರಿಂದ ಅವ್ರು ಹೆದ್ರಿದ್ರಾ ಇಲ್ವಾ ಅನ್ನೋದು ತಿಳಿಯಲ್ಲ. ಯಾವ ರಕ್ತಾನೂ ಅದನ್ನ ಹೇಳಲ್ಲ. ಎದೆ ನಿಂತ ಮೇಲೆ ಹತ್ತು ಹದಿನೈದು ಸೆಕೆಂಡು, ಅಷ್ಟೊತ್ತಿಗೆ ಅರಿವು ಹೋಗುತ್ತೆ. ಅಲ್ಲೀವರ್ಗೆ ಅವ್ರು ನೋಡ್ತಿದ್ದದ್ದು ನಿಮ್ಮ ಮುಖ. ನಂಗೆ ಗೊತ್ತಿರೋದು ಇಷ್ಟೇ.”

ಪೊಟ್ಟಣದಿಂದಲೇ ಸತ್ತರಾ ಎಂದು ಚಿಕ್ಕತಾಯಮ್ಮ ಕೇಳಿದರು. ಸತ್ತದ್ದು ಹೃದಯದ ರಕ್ತನಾಳ ಕಟ್ಟಿಕೊಂಡು, ಆದರೆ ಪೊಟ್ಟಣ ದೇಹದ ಕಸುವನ್ನು ತಿಂದಿತ್ತು, ಎಷ್ಟು ತಿಂದಿತ್ತು ಎಂದು ಯಾರೂ ಅಳೆದು ಹೇಳಲಾರರು ಎಂದೆ. ಇದನ್ನು ಮೆತ್ತಗೆ ಮಾಡಿ ಹೇಳಬಹುದಿತ್ತು. ಅವರ ಸೆರಗಿನ ಗಂಟಿನಲ್ಲಿ ಆ ಪೊಟ್ಟಣ ನೋಡಿದ ಮೇಲೆ ಮೆತ್ತಗೆ ಹೇಳಲು ಆಗಲಿಲ್ಲ.

ಅವರು ಅತ್ತರು. ನಾನು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಕೇಳಿದರು:

“ಗಾಡ್ಯಾಗೆ ನಾನು ಏನ್ ಮಾಡ್ಬೇಕಾಗಿತ್ತವ್ವ? ಇಲ್ಲಿ ನೀವೆಲ್ಲ ಎದೆ ಮ್ಯಾಲೆ ಕೈಯಿಟ್ಟು ಗುದ್ದಿದ್ರಲ್ಲ, ಬಾಗ್ಲು ಸಂದಿನಾಗೆ ನೋಡ್ದೆ. ಅದು ನನ್ ಕೈಲಿ ಆಗ್ತಿತ್ತಾ?”

ಆಗುತ್ತಿತ್ತು ಎಂದೆ. ಕಲಿಸಿದ್ದರೆ ಆಗುತ್ತಿತ್ತು, ಕಲಿಸಬೇಕಾದವರು ಬರಲಿಲ್ಲ, ಅದು ನಿಮ್ಮ ತಪ್ಪಲ್ಲ ಎಂದೆ.

“ಹಂಗಾರೆ ಬಾ. ನಮ್ಮೂರ್ಗೆ ಬಂದು ಕಲ್ಸು. ಅಲ್ಲಿ ಬಸ್ಸಿಲ್ಲ, ಡಾಕ್ಟ್ರಿಲ್ಲ. ಕೈಗಳವೆ.”

ಬರುತ್ತೇನೆ ಎಂದುಬಿಟ್ಟೆ. ಪಟ್ಟಿ ತುಂಬಲು ಇನ್ನೂ ನಲವತ್ತೈದು ಜನ ಬೇಕು, ರಜೆ ತೆಗೆಯುವ ಕಾಲವಲ್ಲ. ಬರುತ್ತೇನೆ ಎಂದದ್ದಾಯಿತು.

ಮಾರ್ಚ್ 14, ಶುಕ್ರವಾರ

ಹೊಸ ಫಾರಂನಲ್ಲಿ ಮೊದಲನೆಯವರು ಭದ್ರಮ್ಮ, ಎಪ್ಪತ್ತು. ಒಪ್ಪಿಗೆ ಕೇಳಿದಾಗ ಮಗ ರಮೇಶ್ ಬೇಡ ಎಂದ. ಯಾಕೆ ಎಂದು ಕೇಳಲಿಲ್ಲ. ಮಾದರಿಯನ್ನು ಅವನ ಎದುರೇ ಎಸೆದು, ಅಮ್ಮನ ಪಕ್ಕ ಕೂರಲು ಕುರ್ಚಿ ಹಾಕಿಕೊಟ್ಟೆ. ಅರ್ಧ ಗಂಟೆ ಅಲ್ಲೇ ಇದ್ದೆ.

ಮಾರ್ಚ್ 23, ಭಾನುವಾರ

ಅಂಚೆಟ್ಟಿಯ ಆಚೆಯ ಆ ಹಳ್ಳಿಗೆ ಹೋಗಿ ಬಂದೆ. ಕಾಲು ನೋಯುತ್ತಿದೆ, ಆದರೂ ಮಲಗುವ ಮುಂಚೆ ಬರೆಯಬೇಕು.

ತರಬೇತಿಯ ಗೊಂಬೆ ಆಸ್ಪತ್ರೆಯದು, ಸೊಂಟದಿಂದ ಮೇಲಿನದ್ದು ಮಾತ್ರ. ಡಾಕ್ಟರ್ ಲಕ್ಷ್ಮೀಪತಿಯವರೇ ಬೀಗ ತೆಗೆದು ಕೊಟ್ಟರು, ಮುಂದಿನ ಸಲ ನಾನೂ ಬರುತ್ತೇನೆ ಎಂದರು. ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡೆ. ಸೀರೆ ಸರಿದು ಮುಖ ಹೊರಗೆ ಬಂದಾಗ ಕಂಡಕ್ಟರ್ ಹೌಹಾರಿ, ಆಮೇಲೆ ಇವರಿಗೆ ಅರ್ಧ ಟಿಕೆಟ್ಟೋ ಎಂದು ತಮಿಳಿನಲ್ಲಿ ಕೇಳಿದ. ಬಸ್ಸೆಲ್ಲ ನಕ್ಕಿತು. ಕೊನೆಯ ನಿಲ್ದಾಣದಿಂದ ಮುಂದೆ ಉಮಾಶಂಕರ್ ಅದನ್ನು ಹೆಗಲ ಮೇಲೆ ಹೊತ್ತು ಏರಿದರು. ಭಾನುವಾರದ ರಜೆ ಹೀಗೆ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಗೊಣಗಿದರು, ಒಂದು ಕಡೆಯೂ ಕೆಳಗಿಳಿಸಲಿಲ್ಲ.

ಚಿಕ್ಕತಾಯಮ್ಮನವರ ಮನೆಯ ಮುಂದೆ ಹುಣಸೆ ಕುಟ್ಟುತ್ತಾ ಕೂತಿದ್ದ ಹೆಂಗಸರು ಇಪ್ಪತ್ತಕ್ಕೂ ಹೆಚ್ಚು. ಹೊಸ ಜನ ಎಂದು ಯಾರೂ ಎದ್ದು ನಿಲ್ಲಲಿಲ್ಲ, ಕುಟ್ಟುವ ಕೈಯನ್ನೂ ನಿಲ್ಲಿಸಲಿಲ್ಲ. ಮೊದಲು ಪೊಟ್ಟಣದ ಮಾತು ತೆಗೆದೆ. ಒಳಗೆ ಹೋಗಿ ಒಂಬತ್ತು ಜನ ತಮ್ಮ ತಮ್ಮ ಪೊಟ್ಟಣ ತಂದರು. ಯಾರೂ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ಬುಧವಾರ ಹೊಸೂರಿಗೆ ಬನ್ನಿ, ನಾನೇ ಬಾಗಿಲಲ್ಲಿ ನಿಂತಿರುತ್ತೇನೆ ಎಂದು ಹೆಸರುಗಳನ್ನು ಬರೆದುಕೊಂಡೆ. ಒಂಬತ್ತು ಹೆಸರೂ ಇಲ್ಲಿ ನೋಡದೆ ಹೇಳಬಲ್ಲೆ.

ಆಮೇಲೆ ಗೊಂಬೆ. ಮಂಡಿ ಊರಲಾಗದವರು ಇದ್ದಾರೆಂದು ಅದನ್ನು ತಗ್ಗಾದ ಜಗಲಿಯ ಮೇಲೆ ಮಲಗಿಸಿದೆ. ಎದೆಯ ನಡುವೆ ಅಂಗೈ, ಅದರ ಮೇಲೆ ಇನ್ನೊಂದು, ಮೊಳಕೈ ಮಡಿಸಬಾರದು, ಎರಡು ಅಂಗುಲ ಆಳಕ್ಕೆ ಒತ್ತಬೇಕು, ನಿಮಿಷಕ್ಕೆ ನೂರಕ್ಕಿಂತ ಕಡಿಮೆಯಾಗಬಾರದು. ಮೂಳೆ ಮುರಿದರೆ ಎಂದು ಒಬ್ಬರು ಕೇಳಿದರು. ಮೂಳೆ ಕೂಡುತ್ತದೆ ಎಂದೆ. ಹೊಲ ಗೇದ ಕೈಗಳು. ನಮ್ಮ ಹೊಸ ನರ್ಸುಗಳಿಗಿಂತ ಚೆನ್ನಾಗಿ ಒತ್ತಿದರು.

ಚಿಕ್ಕತಾಯಮ್ಮ ಎಲ್ಲರಿಗಿಂತ ಕೊನೆಗೆ ಬಂದರು. ಅವರ ರಕ್ತದೊತ್ತಡ ನೋಡಿದ ಮೇಲೆಯೇ ಒತ್ತಲು ಬಿಟ್ಟೆ, ಸರಿ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಇಟ್ಟು ಶುರುಮಾಡಿದರು. ನಾನು ಎಣಿಸಿದೆ. ಮೂವತ್ತಾಯಿತು, ಅರವತ್ತಾಯಿತು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆಂದು ಆಗಷ್ಟೇ ಹೇಳಿಕೊಟ್ಟಿದ್ದೆ. ಎರಡು ನಿಮಿಷ ದಾಟಿತು, ಅವರು ಬಿಡಲಿಲ್ಲ. ಹುಣಸೆ ಕುಟ್ಟುವ ಸದ್ದು ಒಂದೊಂದಾಗಿ ನಿಂತಿತು. ಯಾರೂ ಅವರನ್ನು ತಡೆಯಲಿಲ್ಲ. ಸಾಕು ಎನ್ನುವುದು ನನ್ನ ಕೆಲಸ, ಆದರೆ ನಾನು ಎಣಿಸುತ್ತಲೇ ಹೋದೆ. ಅವರ ಬಾಯಿ ಬಿಗಿದುಕೊಂಡಿತ್ತು. ಲಯ ಒಮ್ಮೆಯೂ ತಪ್ಪಲಿಲ್ಲ.

ಐದನೇ ನಿಮಿಷ ದಾಟಿದ ಮೇಲೆ, ಅಂದು ಗಾಡಿಯಲ್ಲಿ ಉಳಿದಿದ್ದಷ್ಟೇ ಹೊತ್ತಿಗೆ, ತಾವಾಗಿಯೇ ಕೈ ತೆಗೆದರು. ಸೆರಗು ಬಿಡಿಸಿ, ಗೊಂಬೆಯ ಹಣೆಯ ಮೇಲಿನ ಧೂಳನ್ನು ಮೆಲ್ಲಗೆ ಒರೆಸಿದರು, ಆಮೇಲೆ ತಮ್ಮ ಬೆವರನ್ನು. ನಂತರ ನೆಟ್ಟಗೆ ನಿಂತು ಹೆಂಗಸರ ಕಡೆ ತಿರುಗಿ, ಏರುಸಿರಿನಲ್ಲೇ ಹೇಳಿದರು:

“ಇಷ್ಟೇ ಕಣ್ರವ್ವ. ಬನ್ನಿ, ಈಗ ಯಾರು ಬತ್ತೀರ?”